ಇಂದಿನಿಂದಲೇ ಮೋಶೆಯ ಕಾನೂನು

"ಇಂಗ್ಲೆಂಡಿನ ಕಾನೂನನ್ನೆಲ್ಲ ಒಲೆಗೆ ಹಾಕಿ!" ಎಂದು ಬೋಧಕ ಹಬಕ್ಕೂಕ ಸ್ಟೆಂಟ್ ಗುಡುಗಿದಾಗ, ಎಲ್ಲರಿಗಿಂತ ಗಟ್ಟಿಯಾಗಿ "ಆಮೆನ್" ಎಂದವಳು ಥಾಮಸಿನ್. ಸಭೆಯೇ ತಿರುಗಿ ನೋಡಿತು. ಅವಳ ಗಂಡ ಟೋಬಿ ನ್ಯೂಗೇಟ್ ಸೆರೆಮನೆಯಲ್ಲಿದ್ದ, ಸೋಮವಾರ ನೇಣು. ಹಬಕ್ಕೂಕನ ಮನೆಯ ಹೊಗೆಗೂಡು ದುರಸ್ತಿಗೆ ಹೋದವನು ಬೆಳ್ಳಿ ಬಟ್ಟಲು ಕದ್ದನಂತೆ. ಕಣ್ಣಾರೆ ಕಂಡೆ ಎಂದು ಬೈಬಲ್ ಮುಟ್ಟಿ ಹೇಳಿದವನು ಹಬಕ್ಕೂಕನೊಬ್ಬನೇ.

ಲಂಡನ್ನಿನಲ್ಲಿ ರಾಜನ ತಲೆ ಉರುಳಿ ನಾಲ್ಕು ವರ್ಷವಾಗಿತ್ತು. ಖಾಲಿ ಸಿಂಹಾಸನಕ್ಕೆ ಇನ್ನು ಯೇಸುವೇ ಬಂದು ಸಾವಿರ ವರ್ಷ ಆಳುತ್ತಾನೆಂದು ಈ ಸಭೆಯವರ ನಂಬಿಕೆ. ದಿನವೂ ಗೊತ್ತಾಗಿತ್ತು, ಎರಡು ಸಲ ಮುಂದಕ್ಕೂ ಹೋಗಿತ್ತು. ಅವನು ಬರುವ ಮುನ್ನ ವಕೀಲರನ್ನು ಓಡಿಸಿ ಬೈಬಲಿನಲ್ಲಿರುವ ಮೋಶೆಯ ಕಾನೂನು ತರಬೇಕು. ಸ್ವಾಗತಕ್ಕೆಂದು ಮನೆಮನೆಯ ಬೆಳ್ಳಿ ಸಭೆಯ ಪೆಟ್ಟಿಗೆ ಸೇರಬೇಕು. ಎಲ್ಲರೂ ಕೊಟ್ಟರು. ಹಬಕ್ಕೂಕನ ಬಟ್ಟಲು ಮಾತ್ರ, ಪಾಪ, ಕೊಡಬೇಕಾದ ಹಿಂದಿನ ದಿನವೇ ಕಳುವಾಯಿತು.

"ಅಣ್ಣಾ, ಮೋಶೆ ಕಾನೂನಲ್ಲಿ ಕಳ್ಳನಿಗೆ ನೇಣಿಲ್ಲ ಅಲ್ವಾ?" ಎಂದಳು ಥಾಮಸಿನ್.

"ಇಲ್ಲ ತಂಗಿ. ಎರಡರಷ್ಟು ವಾಪಸ್ ಕೊಟ್ರೆ ಮುಗೀತು. ಎಂಥಾ ಕರುಣೆ ನೋಡು! ಎಲ್ಲದಕ್ಕೂ ಇಬ್ಬರು ಸಾಕ್ಷಿ ಸಾಕು, ವಕೀಲರ ಪಿರಿಪಿರಿ ಇಲ್ಲ. ಏನ್ ಮಾಡೋದು, ಆ ಕಾನೂನಿಗಿಂತ ಸೋಮವಾರವೇ ಮೊದಲು ಬರುತ್ತೆ."

"ಕಾಯೋದ್ಯಾಕೆ? ನಮ್ಮ ಸಭೆಗೆ ಇವತ್ತಿನಿಂದ ಅದೇ ಕಾನೂನು ಅಂತ ಬರೆದು ಸಹಿ ಹಾಕೋಣ. ಎರಡು ಬಟ್ಟಲು ಸಿಕ್ಕ ಮೇಲೆ ಟೋಬಿನ ಬಿಟ್ಟುಬಿಡಿ ಅಂತ ನೀವೇ ಕೋರ್ಟಿಗೆ ಹೇಳಿ."

ಸಭೆ ಹೋ ಎಂದಿತು. ಹಬಕ್ಕೂಕ ಗಡ್ಡ ನೀವಿಕೊಂಡ. ಗಂಡನ ಜೀವಕ್ಕಾಗಿ ಹೆಂಗಸಿನ ಹೂಟ, ಅಷ್ಟೇ ತಾನೆ? ಇರಲಿ. ಒಂದು ಬಟ್ಟಲಿಗೆ ಎರಡು ಬಂದರೆ ಯಾರಿಗೆ ಬೇಡ? ದೊಡ್ಡ ಮನಸ್ಸು ಮಾಡಿ ಸಹಿ ಹಾಕಿದ.

ಆಮೇಲೆ ಅವನ ಹೆಂಡತಿ ಪ್ರೂಡೆನ್ಸ್ ಸಹಿ ಹಾಕಿದಳು. ರೊಟ್ಟಿಯ ಕೆಲಸ ಅರ್ಧಕ್ಕೆ ಬಿಟ್ಟು ಬಂದಿದ್ದಳೋ ಏನೋ, ತೋಳಿಗೆಲ್ಲ ಹಿಟ್ಟು ಮೆತ್ತಿತ್ತು. ಕಂಕುಳಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ. ಅವರ ಮನೆಗೆಲಸದ ಡಾರ್ಕಸ್ ಸಹಿಯ ಬದಲು ಒಂದು ಗೀಟೆಳೆದಳು. ಉಳಿದವರೂ ಸಾಲುಗಟ್ಟಿದರು.

ಥಾಮಸಿನ್ ಕಾಗದಕ್ಕೆ ಊದಿ ಊದಿ ಶಾಯಿ ಒಣಗಿಸಿದಳು.

"ಸರಿ, ಟೋಬಿ ಕೊಡಬೇಕಾದ ಎರಡು ಬಟ್ಟಲು..." ಎಂದು ಹಬಕ್ಕೂಕ ಶುರುಮಾಡಿದ.

"ನಿಮ್ಮದು ಇಲ್ಲೇ ಇದೆಯಲ್ರೀ," ಎಂದು ಪ್ರೂಡೆನ್ಸ್ ಬುಟ್ಟಿಯ ಬಟ್ಟೆ ಸರಿಸಿದಳು. ಹಿಟ್ಟು ಮೆತ್ತಿದ ಬೆಳ್ಳಿ ಬಟ್ಟಲು. "ಹಿಟ್ಟಿನ ಪೀಪಾಯಿಯ ತಳದಲ್ಲಿ ನೀವೇ ಹೂತಿಟ್ಟಿದ್ದು. ನಾನೂ ಡಾರ್ಕಸ್ಸೂ ಇಬ್ಬರೂ ನೋಡಿದ್ದೀವಿ. ಗಂಡನ ಮೇಲೆ ಹೆಂಡತಿ ಸಾಕ್ಷಿ ನಡೆಯಲ್ಲ, ಕೆಲಸದವಳ ಮಾತು ಲೆಕ್ಕಕ್ಕಿಲ್ಲ ಅಂತ ಕೋರ್ಟಿನವರು ಅಟ್ಟಿಬಿಟ್ರು. ಮೋಶೆ ಹಂಗೇನೂ ಹೇಳಿಲ್ಲ."

"ಸುಳ್ಳು ಸಾಕ್ಷಿಗೆ ಮೋಶೆ ಏನು ಹೇಳಿದಾನೆ, ಅಣ್ಣಾ?" ಎಂದಳು ಥಾಮಸಿನ್.

ಇಡೀ ಸಭೆಗೆ ಅದು ಬಾಯಿಪಾಠ, ಕಲಿಸಿದವನೂ ಅವನೇ. ಸುಳ್ಳು ಹೇಳಿ ಇನ್ನೊಬ್ಬನಿಗೆ ಯಾವ ಶಿಕ್ಷೆ ತರಲು ಹೊರಟನೋ, ಅದೇ ಶಿಕ್ಷೆ ಅವನಿಗೆ. ಯಾರೋ ಎದ್ದು ಬಾಗಿಲ ಅಗಳಿ ಹಾಕಿದರು.

"ಯಾರಾದ್ರೂ ಒಬ್ಬ ವಕೀಲನ್ನ ಕರೀರಪ್ಪಾ!" ಎಂದು ಹಬಕ್ಕೂಕ ಸ್ಟೆಂಟ್ ಕಿರುಚಿದ.