ನೋಡಲು ಬಂದವರು

"ನೋಡೋಕೆ ಬಂದೆ," ಎಂದಷ್ಟೇ ಹೇಳಿ ಆ ಕನ್ನಡಕದ ಮನುಷ್ಯ ಗೋಡೆಯ ಬಿರುಕಿಗೆ ಟಾರ್ಚು ಬಿಟ್ಟ. ಬೆರಳ ಗೆಣ್ಣಿನಿಂದ ಕುಟ್ಟಿದ. ಗಾರೆ ಉದುರಿತು. ವಠಾರದ ಬಚ್ಚಲಿಗೆ ಹೋಗಿ ಸ್ವಿಚ್ಚು ಮುಟ್ಟಿದವನು ಶಾಕ್ ಹೊಡೆದು ಹಿಂದಕ್ಕೆ ಹಾರಿದ.

"ಇಲ್ಲಿ ಮನುಷ್ಯರು ಹೇಗಮ್ಮ ಇರ್ತಾರೆ?"

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಟೈಲರಮ್ಮ ತಲೆ ಎತ್ತಿದಳು. "ಅಭ್ಯಾಸ ಆಗಿಹೋಗಿದೆ ಸಾರ್." ಒಳಗೆ ಅವಳ ಮಗಳು ಕೆಮ್ಮುತ್ತಿದ್ದಳು. ಗೋಡೆಯ ತೇವ ಮಗುವಿನ ಎದೆಗೇ ಇಳಿದಿತ್ತು.

ಆತ ಪಕ್ಕದ ಮನೆಯ ಅಜ್ಜಿಯ ಹತ್ತಿರ ಏನೇನೋ ವಿಚಾರಿಸಿದ. ಅಲುಗಾಡುವ ಕಂಬಿ ಹಿಡಿದು ಮಹಡಿ ಹತ್ತಿ, ಖಾಲಿ ಮನೆಯ ಕಿಟಕಿಯಲ್ಲಿ ಇಣುಕಿ, ತಲೆ ಅಲ್ಲಾಡಿಸುತ್ತ ಹೊರಟುಹೋದ.

ಯಾರೋ ಬಂದು ಗೋಡೆ, ಸ್ವಿಚ್ಚು ಎಲ್ಲ ಪರೀಕ್ಷಿಸಿ ಹೋದ ಸುದ್ದಿ ಸಂಜೆಯೊಳಗೆ ವಠಾರದ ಮಾಲೀಕನ ಕಿವಿಗೆ ಬಿತ್ತು. ಎಲ್ಲರನ್ನೂ ಅಂಗಳಕ್ಕೆ ಕರೆಸಿದ.

"ವಸತಿ ಕಚೇರಿ ಇನ್‌ಸ್ಪೆಕ್ಟರನ್ನ ಕರೆಸಿದ್ದು ಯಾರು?"

ಅವನ ಕಣ್ಣು ಅಜ್ಜಿಯ ಮೇಲೆ ನಿಂತಿತು.

"ಅವನ ಜೊತೆ ಗುಸುಗುಸು ಅಂತಿದ್ದಿದ್ದು ನೀನೇ ಅಲ್ವಾ? ನಾಳೆ ಜಾಗ ಖಾಲಿ ಮಾಡು."

"ನಾನು ಯಾರನ್ನೂ ಕರೆಸಿಲ್ಲಪ್ಪಾ..." ಅಜ್ಜಿಗೆ ಹಿಂದಿಲ್ಲ, ಮುಂದಿಲ್ಲ. ತನ್ನ ಮನೆಯ ಬಾಗಿಲ ಚೌಕಟ್ಟು ಹಿಡಿದು ನಿಂತಳು.

ಟೈಲರಮ್ಮನೂ ಕರೆಸಿರಲಿಲ್ಲ. ದೂರು ಕೊಡಲೆಂದು ಎಷ್ಟೋ ಸಲ ವಸತಿ ಕಚೇರಿಯ ಬಾಗಿಲವರೆಗೆ ಹೋಗಿದ್ದಳು. ಬೀದಿಗೆ ಬಿದ್ದರೆ ಮಗಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಲಿ ಎಂದು ಪ್ರತಿ ಸಲವೂ ಹಿಂದಿರುಗಿದ್ದಳು. ಆದರೂ ಬಾಯಿಂದ ಮಾತು ಬಂದೇಬಿಟ್ಟಿತು.

"ಅಜ್ಜಿ ಅಲ್ಲ. ದೂರು ಕೊಟ್ಟಿದ್ದು ನಾನು."

"ಹಾಗಾದ್ರೆ ಗಂಟುಮೂಟೆ ನೀನೇ ಕಟ್ಟು."

"ಕಟ್ಟಲ್ಲ. ದೂರು ಕೊಟ್ಟರು ಅಂತ ಬಾಡಿಗೆಯವರನ್ನ ಹೊರಗೆ ಹಾಕೋ ಹಾಗಿಲ್ಲ, ಕಾನೂನಿದೆ. ಮನೇನ ವಾಸ ಮಾಡೋ ಹಾಗೆ ಇಡೋದು ನಿಮ್ಮ ಕೆಲಸ. ಬೇಕಾದ್ರೆ ಅವರು ಮತ್ತೆ ಬಂದಾಗ ಕೇಳಿ."

"ಮತ್ತೆ ಬರ್ತಾನಾ?" ಮಾಲೀಕನ ದನಿ ಇಳಿಯಿತು.

"ಬರದೇ ಇರ್ತಾರಾ?"

ಅಂದಿನಿಂದ ಟೈಲರಮ್ಮನಿಗೆ ಊಟ ಸೇರಲಿಲ್ಲ. ಗೇಟು ಕಿರ್ರೆಂದರೆ ಕಿಟಕಿಗೆ ಓಡುತ್ತಿದ್ದಳು. ಮಾಲೀಕ ಕಚೇರಿಗೆ ಹೋಗಿ, ದೂರು ಯಾರದೆಂದು ಕೇಳಿದರೆ ಕಥೆ ಮುಗಿಯಿತು. ಆದರೆ ಅವನು ಆ ಕಡೆ ತಲೆ ಕೂಡ ಹಾಕಲಿಲ್ಲ. ಮೊದಲು ಎಲೆಕ್ಟ್ರಿಷಿಯನ್ ಬಂದು ಬಚ್ಚಲಿಗೆ ಹೊಸ ವೈರು ಎಳೆದ. ಹಿಂದೆಯೇ ಗಾರೆಯವರು ಬಂದರು. ಕಂಬಿಗೆ ವೆಲ್ಡಿಂಗ್ ಆಯಿತು. ಗೋಡೆ ಒಣಗುತ್ತ ಬಂದ ಹಾಗೆ ಮಗಳ ಕೆಮ್ಮೂ ತಗ್ಗಿತು.

ಸುಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ, ಕನ್ನಡಕದವನು ಗೇಟು ತಳ್ಳಿಕೊಂಡು ಬಂದ. ಮಾಲೀಕ ಧಡಕ್ಕನೆ ಎದ್ದು, ತನ್ನ ಕುರ್ಚಿಯನ್ನೇ ಒರೆಸಿ ಮುಂದಿಟ್ಟ. ಟೈಲರಮ್ಮನ ಕಾಲು ಪೆಡಲಿನ ಮೇಲೆ ನಿಂತುಹೋಯಿತು. ಇನ್ನೇನು, ದೂರು ಕೊಟ್ಟವರ ಹೆಸರು ಈಗ ಹೊರಬೀಳುತ್ತದೆ.

ಆತ ಗೋಡೆ ಸವರಿದ. ಸ್ವಿಚ್ಚು ಒತ್ತಿ ನೋಡಿದ. ಮುಖ ಅರಳಿತು. ಬೀದಿಯಲ್ಲಿ ನಿಂತಿದ್ದ ಹೆಂಡತಿಗೆ ಬಾ ಎಂದು ಕೈಬೀಸಿ, ಮಾಲೀಕನತ್ತ ತಿರುಗಿದ.

"ಮಹಡಿ ಮನೆ ಇನ್ನೂ ಖಾಲಿ ಇದ್ಯಾ ಸಾರ್? ನಮಗೆ ಬಾಡಿಗೆಗೆ ಬೇಕಿತ್ತು."