ಸೊನ್ನೆ ಸಾಲು

ಆರು-ಸೊನ್ನೆ, ಐದು-ಸೊನ್ನೆ. ಇನ್ನೊಂದೇ ಒಂದು ಗೇಮ್ ಗೆದ್ದರೆ ಮಹಿಳೆಯರ ಕಪ್ ಅವಳದು. ಹದಿನೆಂಟನೇ ವಯಸ್ಸಿಗೆ ಇನ್ನೇನು ಬೇಕು? ಆದರೆ ಸರ್ವಿಸ್ ಮಾಡಲು ಚೆಂಡು ಹಿಡಿದು ನಿಂತ ಹುಡುಗಿಗೆ ಅಳು ಬರುವಂತಾಗಿತ್ತು. ನೆಟ್ಟಿನ ಆಚೆ ಸೋಲುತ್ತಿದ್ದವಳು ಅವಳಿಗೆ ಟೆನಿಸ್ ಕಲಿಸಿದ ಕೋಚಕ್ಕ.

ಕೋಚಕ್ಕ ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು. ಬೆಳಗ್ಗೆ ಆರರಿಂದ ಎಂಟರವರೆಗೆ ಮಾತ್ರ ಕ್ಲಬ್ಬಿನ ಮಕ್ಕಳಿಗೆ ಗುರು. ಒಂಬತ್ತು ವರ್ಷದ ಹಿಂದೆ ಅಣ್ಣನ ರ‍್ಯಾಕೆಟನ್ನು ಎರಡು ಕೈಯಲ್ಲಿ ಹೊತ್ತು ತಂದ ಹುಡುಗಿಯನ್ನು ಕಂಡು, "ರ‍್ಯಾಕೆಟ್ಟೇ ನಿನ್ನ ಆಡಿಸೋ ಹಾಗಿದೆಯಲ್ಲೇ ಕಡ್ಡಿ," ಎಂದಿದ್ದಳು. ಅಂದಿನಿಂದ ಊರಿಗೆಲ್ಲ ಅವಳು ಕಡ್ಡಿಯೇ. ಈಗ ಕೋಚಕ್ಕನಿಗೆ ನಲವತ್ತಾರು, ಎಡಮಂಡಿಗೆ ಪಟ್ಟಿ. ಫೈನಲ್‌ವರೆಗೆ ಬಂದದ್ದೇ ಹೆಚ್ಚು. ಗುರುವಿಗೇ ತಿರುಮಂತ್ರ ಎಂದು ಬೆಳಗ್ಗೆಯಿಂದ ಎಲ್ಲರೂ ಕಡ್ಡಿಯನ್ನು ಛೇಡಿಸಿದ್ದರು.

ಸೋಲಲಿ, ಆಟ ಅಂದಮೇಲೆ ಸೋಲು ಇದ್ದದ್ದೇ. ಆದರೆ ಈ ಕ್ಲಬ್ಬಿನಲ್ಲಿ ಒಂದು ಕೆಟ್ಟ ಪದ್ಧತಿಯಿತ್ತು. ಗೋಡೆಯ ಮೇಲಿನ ಮರದ ಫಲಕದಲ್ಲಿ ಪ್ರತಿ ವರ್ಷ ಗೆದ್ದವಳ ಹೆಸರು ಮಾತ್ರ ಬರೆಯುತ್ತಿದ್ದರು. ಸೋತವಳು ಒಂದಾದರೂ ಗೇಮ್ ಗೆದ್ದಿದ್ದರೆ ಅವಳ ಮಾನ ಉಳಿಯಿತು, ಹೆಸರಿಲ್ಲ. ಒಂದೂ ಗೆಲ್ಲದೆ ಸೋತರೆ, ಗೆದ್ದವಳ ಪಕ್ಕದಲ್ಲೇ ಅವಳ ಹೆಸರೂ ಬರುತ್ತಿತ್ತು, ಎರಡು ಸೊನ್ನೆಗಳ ಸಮೇತ. ಯಾವ ಪುಣ್ಯಾತ್ಮ ಮಾಡಿದ ನಿಯಮವೋ. ಅರವತ್ತು ವರ್ಷದಲ್ಲಿ ಹಾಗೆ ಸೋತವರು ನಾಲ್ಕೇ ಜನ. ಆ ನಾಲ್ಕು ಸಾಲುಗಳಿಗೆ ಸೊನ್ನೆ ಸಾಲು ಎಂದೇ ಹೆಸರು. ಅವರಲ್ಲಿ ಒಬ್ಬಾಕೆ ಮತ್ತೆ ಕ್ಲಬ್ಬಿನ ಹೊಸಿಲು ತುಳಿದಿರಲಿಲ್ಲ.

ನನ್ನ ಕೈಯಾರೆ ಕೋಚಕ್ಕನನ್ನು ಆ ಸಾಲಿಗೆ ಸೇರಿಸುವುದೇ? ಕಡ್ಡಿ ಹಲ್ಲು ಕಚ್ಚಿ ಚೆಂಡನ್ನು ನೆಟ್ಟಿಗೆ ಹೊಡೆದಳು. ಎರಡನೆಯದನ್ನೂ ನೆಟ್ಟಿಗೇ. ಮುಂದಿನ ಪಾಯಿಂಟಿಗೂ ಅದೇ ಕಥೆ. ಎತ್ತರದ ಕುರ್ಚಿಯಲ್ಲಿದ್ದ ಅಂಪೈರ್ ಕನ್ನಡಕ ಸರಿಮಾಡಿಕೊಂಡು ಅವಳನ್ನೇ ನೋಡಿದರು. ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಅವರು. ಫಲಕದ ಮೇಲೆ ಹೆಸರು ಬರೆಯುವುದೂ ಅವರೇ. ಅನುಮಾನ ಬೇಡವೆಂದು ಕಡ್ಡಿ ಮೂರನೆಯ ಪಾಯಿಂಟಿನಲ್ಲಿ ನಾಲ್ಕು ಹೊಡೆತ ಆಡಿ, ಐದನೆಯದನ್ನು ಗೆರೆಯಾಚೆ ಕಳಿಸಿದಳು. ಸೊನ್ನೆ-ನಲವತ್ತು. ಇನ್ನೊಂದು ಪಾಯಿಂಟ್ ಕೊಟ್ಟರೆ ಈ ಗೇಮ್ ಕೋಚಕ್ಕನದು.

ಮಗು ಕೂಡ ಹೊಡೆಯಬಹುದಾದ ಒಂದು ಮೆತ್ತನೆಯ ಸರ್ವಿಸ್ ಕೊಟ್ಟಳು. ಕೋಚಕ್ಕ ಅದನ್ನು ಬೇಲಿಯಾಚೆಗೆ ಅಟ್ಟಿದಳು, ಪಾಯಿಂಟ್ ಕಡ್ಡಿಗೇ ಬಂತು. ಇನ್ನೊಂದು ಕೊಟ್ಟಳು, ಅದೂ ಬೇಲಿಯಾಚೆಗೆ. ಮೂರನೆಯದೂ ಹೋಯಿತು. ಪಾಯಿಂಟಿಗಾಗಿ ಜಗಳವಾಡುವವರನ್ನು ಮೇಷ್ಟ್ರು ಎಷ್ಟೋ ನೋಡಿದ್ದರು. ನೀನು ತಗೋ, ನೀನು ತಗೋ ಎಂದು ಬೀಗರ ಹಾಗೆ ಉಪಚಾರ ಮಾಡುವವರನ್ನು ನೋಡಿರಲಿಲ್ಲ. "ಡ್ಯೂಸ್, ಸಮ-ಸಮ," ಎಂದು ಗೊಣಗಿದರು.

ಕೋಚಕ್ಕ ಕುಂಟುತ್ತ ನೆಟ್ಟಿನ ಹತ್ತಿರ ಬಂದು ಬೆರಳು ಆಡಿಸಿ ಕರೆದಳು.

"ಏನೇ, ನನ್ನ ಕಿವಿ ಮೇಲೆ ಹೂವಿಡ್ತಿದೀಯಾ?"

"ಇಲ್ಲ ಕೋಚಕ್ಕ, ಕೈ ಜಾರ್ತಿದೆ."

"ಆ ಕೈಗೆ ಸರ್ವಿಸ್ ಕಲಿಸಿದ್ದು ನಾನು. ಅದು ಹೇಗೆ ಜಾರುತ್ತೆ ಅಂತ ನೀನು ನನಗೆ ಹೇಳ್ಕೊಡಬೇಡ. ನೀನು ಮೂರು ಕೊಟ್ಟೆ, ಮೂರೂ ವಾಪಸ್ ಕೊಟ್ಟಿದೀನಿ. ಈಗ ಸರಿಯಾಗಿ ಆಡು."

ಕಡ್ಡಿಗೆ ತಡೆಯಲಾಗಲಿಲ್ಲ. "ನಿಮ್ಮ ಹೆಸರು ಆ ಸಾಲಲ್ಲಿ ಬರಬಾರದು. ನಾಳೆಯಿಂದ ಎಲ್ಲ ನಗ್ತಾರೆ. ನನ್ನಿಂದ ಅದು ನೋಡೋಕಾಗಲ್ಲ."

ಕೋಚಕ್ಕ ನೆಟ್ಟಿನ ಮೇಲೆ ಬಾಗಿದಳು. ಆಮೇಲೆ ತನ್ನ ಬೆವರಿನ ಟವೆಲ್ಲಿನಿಂದಲೇ ಹುಡುಗಿಯ ಕಣ್ಣು ಒರೆಸಿದಳು.

"ಇಲ್ಲಿ ಕೇಳು. ಇದಕ್ಕೆ ಮುಂಚೆ ಆರು ಫೈನಲ್ ಆಡಿದೀನಿ. ಒಂದರಲ್ಲಿ ಐದು ಗೇಮ್ ಗೆದ್ದೆ, ಇನ್ನೊಂದರಲ್ಲಿ ಏಳು. ಮರ್ಯಾದೆಯಾಗೇ ಸೋತೆ. ಯಾರಿಗೆ ನೆನಪಿದೆ ಹೇಳು. ಇಪ್ಪತ್ತೆಂಟು ವರ್ಷ ಇಲ್ಲಿ ಮಣ್ಣು ತುಳಿದಿದೀನಿ, ಆ ಗೋಡೆ ಮೇಲೆ ನಾನು ಎಲ್ಲೂ ಇಲ್ಲ. ಈಗ ಬರೋ ಕಾಲ ಬಂದಿದೆ, ಅದೂ ನಿನ್ನ ಪಕ್ಕದಲ್ಲಿ. ಅದನ್ನೂ ತಪ್ಪಿಸ್ತೀಯಾ?"

ಕಡ್ಡಿ ಬಾಯಿ ಬಿಟ್ಟುಕೊಂಡು ನೋಡಿದಳು.

"ನಗೋರು ನಗಲಿ ಬಿಡು. ಇವಳನ್ನ ಸೊನ್ನೆ ಮಾಡಿದ್ದು ಯಾರು ಅಂತ ಕೇಳ್ತಾರೆ. ಇವಳೇ ಕಲಿಸಿದ ಹುಡುಗಿ ಅಂತ ಹೇಳಲೇಬೇಕಲ್ಲ." ಕೋಚಕ್ಕ ರ‍್ಯಾಕೆಟ್ಟಿನಿಂದ ಅವಳ ತಲೆಗೆ ಮೆಲ್ಲಗೆ ಮೊಟಕಿದಳು. "ಆದ್ರೆ ನಾನು ಸುಮ್ಮನೆ ಬಿಟ್ಟುಕೊಡ್ತೀನಿ ಅಂದ್ಕೋಬೇಡ. ನನ್ನಿಂದ ಆದಷ್ಟೂ ಓಡ್ತೀನಿ. ಗೆದ್ದು ತಗೊಂಡರೆ ಅದು ಗೇಮು. ನೀನು ಕೊಟ್ಟರೆ ಭಿಕ್ಷೆ."

"ಏನ್ರಮ್ಮಾ," ಮೇಷ್ಟ್ರು ಮೇಲಿನಿಂದ ಕೂಗಿದರು, "ಆಟ ಇದೆಯೋ, ಹರಟೆನೋ?"

ಕಡ್ಡಿ ಹಿಂದಕ್ಕೆ ಹೋದಳು. ಈ ಸಲ ಸರ್ವಿಸ್ ಹೇಗೆ ಬಂತೆಂದರೆ ಕೋಚಕ್ಕನ ರ‍್ಯಾಕೆಟ್ ಬರೀ ಗಾಳಿಯಲ್ಲಿ ಬೀಸಿತು. ಕೊನೆಯ ಪಾಯಿಂಟ್ ಮಾತ್ರ ಆ ದಿನದ ಅತಿ ಉದ್ದದ್ದು. ಇಪ್ಪತ್ತು ಹೊಡೆತವೋ, ಇಪ್ಪತ್ತೈದೋ. ಮಂಡಿ ಹಿಡಿದುಕೊಂಡು, ಉಸ್ಸೆಂದುಕೊಂಡು, ಕೋಚಕ್ಕ ಈ ಮೂಲೆಯಿಂದ ಆ ಮೂಲೆಗೆ ಓಡಿದಳು, ಒಂದು ಚೆಂಡನ್ನೂ ಬಿಡಲಿಲ್ಲ. ಕಡ್ಡಿಯೂ ಬಿಡಲಿಲ್ಲ. ಕಣ್ಣು ಮಂಜಾಗಿದ್ದರೂ, ಕೋಚಕ್ಕನೇ ಕಲಿಸಿದಂತೆ ಮೊಣಕಾಲು ಬಗ್ಗಿಸಿ, ಗೆರೆಯಗುಂಟ ಹೊಡೆದಳು. ಚೆಂಡು ಸುಣ್ಣದ ಪುಡಿ ಹಾರಿಸಿ ಹೋಯಿತು.

ಕಡ್ಡಿ ನೆಟ್ಟಿನ ಹತ್ತಿರ ಓಡಿಬಂದು ಕೋಚಕ್ಕನನ್ನು ಅಪ್ಪಿಕೊಂಡು ಬಿಕ್ಕಿದಳು. ಕೋಚಕ್ಕ ಒಂದು ಕೈಯಲ್ಲಿ ಅವಳ ಬೆನ್ನು ಸವರುತ್ತ, ಕುರ್ಚಿಯಿಂದ ಮೆಲ್ಲಗೆ ಇಳಿಯುತ್ತಿದ್ದವರತ್ತ ತಿರುಗಿದಳು.

"ಮೇಷ್ಟ್ರೇ, ಎರಡು ಹೆಸರಿನ ಮಧ್ಯೆ ಜಾಸ್ತಿ ಜಾಗ ಬಿಡಬೇಡಿ."