ಎರಡೂ ಹೆಣ್ಣು

“ಎಂಟು ವಾರ. ಮಾತ್ರೇಲೇ ಆಗುತ್ತೆ, ಭಯ ಬೇಡ,” ಎಂದು ಸ್ಕ್ಯಾನಿಂಗ್ ರಿಪೋರ್ಟ್ ಮಡಿಸಿಟ್ಟ ಡಾಕ್ಟರ್ ಸೌಮ್ಯಶ್ರೀ, ಓಪಿ ಚೀಟಿಯ ಮೂಲೆ ನೋಡಿದವರೇ ಪೆನ್ನಿನ ಕ್ಯಾಪ್ ಮುಚ್ಚಿಬಿಟ್ಟರು. “ಇಲ್ಲಿ ಆಗಲ್ಲ ಕಣಮ್ಮ. ಬೆಂಗಳೂರಿಗೆ ಹೋಗು.”

ಎದುರಿಗೆ ಕೂತಿದ್ದ ಸುಮನಾ ಕಣ್ಣು ಕಣ್ಣು ಬಿಟ್ಟಳು. ಚೀಟಿಯ ಮೂಲೆಯಲ್ಲಿ ನರ್ಸ್ ಅಕ್ಬರಿ ಬೇಗಂ ಬರೆದಿದ್ದದ್ದು ಇಷ್ಟೇ: ಹೆಣ್ಣು ಎರಡು, ಗಂಡು ಇಲ್ಲ. ಬಸಿರು ಬೇಡವೆಂದು ಬಂದವರ ಚೀಟಿಯಲ್ಲಿ ಮಾತ್ರ ಹೀಗೆ ಮಕ್ಕಳ ಲೆಕ್ಕ ಬರೆಯುವುದು ಚನ್ನಪಟ್ಟಣದ ಆ ನರ್ಸಿಂಗ್ ಹೋಂನಲ್ಲಿ ಈಚೆಗೆ ಶುರುವಾದ ಪದ್ಧತಿ.

ಅದಕ್ಕೆ ಕಾರಣವಿತ್ತು. ಯಾರೋ ಪುಣ್ಯಾತ್ಮರು ಹೆಸರು ಹಾಕದೆ ಆರೋಗ್ಯ ಇಲಾಖೆಗೆ ಒಂದು ಅರ್ಜಿ ಗೀಚಿದ್ದರು: ‘ಈ ಡಾಕ್ಟರು ಹೆಣ್ಣು ಭ್ರೂಣ ತೆಗೆಯುತ್ತಾರೆ.’ ಸಾಕ್ಷಿಗೆ, ಎರಡು ಹೆಣ್ಣು ಹೆತ್ತು ಮೂರನೆಯದನ್ನು ಇಲ್ಲಿ ತೆಗೆಸಿಕೊಂಡಿದ್ದ ಒಬ್ಬ ತಾಯಿಯ ಹೆಸರು. ಆಕೆಗೂ ಆಗಿದ್ದದ್ದು ಏಳೇ ವಾರ. ಏಳು ವಾರಕ್ಕೆ ಅದು ಗಂಡೋ ಹೆಣ್ಣೋ ಆ ದೇವರಿಗೇ ಗೊತ್ತು. ಆದರೂ ನೋಟಿಸ್ ಬಂತು, ಸ್ಕ್ಯಾನಿಂಗ್ ಮೆಷೀನಿಗೆ ಸೀಲು ಬಿತ್ತು. ವಿಚಾರಣಾ ಸಮಿತಿಯ ಮುಂದೆ ಹದಿನಾಲ್ಕು ತಿಂಗಳು ಕೈಕಟ್ಟಿ ನಿಂತ ಮೇಲೆ ‘ತಪ್ಪು ಕಂಡುಬಂದಿಲ್ಲ’ ಎಂಬ ಒಂದು ಸಾಲಿನ ಕಾಗದ ಸಿಕ್ಕಿತು. ಲೈಸೆನ್ಸ್ ಉಳಿಯಿತು, ಧೈರ್ಯ ಹೋಯಿತು. ಹಾವು ಕಚ್ಚಿದವರಿಗೆ ಹಗ್ಗ ಕಂಡರೂ ಭಯ ಅನ್ನುವುದು ಸುಳ್ಳಲ್ಲ.

“ಬೆಂಗ್ಳೂರಿಗ್ ಯಾಕೆ ಮೇಡಂ? ಕಾನೂನಲ್ಲಿ ಐತಂತಲ್ಲ? ಕಾಪರ್-ಟಿ ಹಾಕಿಸ್ಕೊಂಡಿದ್ದೆ, ಅದೇ ಜಾರ್ಕೊಂಡೋಗೈತೆ. ನಂದೇನ್ ತಪ್ಪು?”

“ಕಾನೂನಲ್ಲಿ ಇದೆ. ನಿನ್ನ ತಪ್ಪೂ ಏನಿಲ್ಲ.”

“ಮತ್ತೆ?”

ಡಾಕ್ಟರು ಟೇಬಲ್ ಮೇಲಿದ್ದ ಬಿ.ಪಿ. ಮೆಷೀನನ್ನು ಸುಮ್ಮನೆ ಆ ಕಡೆ ಸರಿಸಿದರು. ಸುಮನಾಗೆ ಅಳು ಬರುವಂತಾಯಿತು. ಬಿಡದಿಯ ಫ್ಯಾಕ್ಟರಿಯೊಂದರಲ್ಲಿ ನಾಲ್ಕು ವರ್ಷದಿಂದ ಕಾಂಟ್ರ್ಯಾಕ್ಟ್ ಮೇಲೆ ನಿಂತೇ ದುಡಿಯುತ್ತಿದ್ದಳು. ಮುಂದಿನ ತಿಂಗಳು ಐದು ಜನರನ್ನು ಪರ್ಮನೆಂಟ್ ಮಾಡುತ್ತಾರೆ, ಪಟ್ಟಿಯಲ್ಲಿ ಅವಳ ಹೆಸರೂ ಇತ್ತು. ಬಸಿರಿ ಅಂತ ಗೊತ್ತಾದರೆ ಹೆಸರು ಹಾರಿಹೋಗುತ್ತದೆ. ಗಂಡ ಪುನೀತ್ ಬೇಡ ಅಂದವನಲ್ಲ; ಹೊರಗೆ ಬೆಂಚಿನ ಮೇಲೆ ಚಿಕ್ಕ ಮಗಳನ್ನು ಆಡಿಸುತ್ತಾ ಕೂತಿದ್ದ.

“ಬೆಂಗ್ಳೂರಲ್ಲಿ ಯಾವ್ ಆಸ್ಪತ್ರೆ ಅಂತನಾದ್ರೂ ಒಂದ್ ಚೀಟಿ ಬರ್ಕೊಡಿ.”

“ಬಾಯಲ್ಲಿ ಹೇಳ್ತೀನಿ. ಬರವಣಿಗೇಲಿ ಏನೂ ಬೇಡ.”

ಒಪ್ಪಿಗೆ ಫಾರಂ ಹಿಡಿದು ನಿಂತಿದ್ದ ಅಕ್ಬರಿ ಬೇಗಂ ತಡೆಯಲಾರದೆ, “ಎಂಟೇ ವಾರ ಅಲ್ವಾ ಮೇಡಂ, ಪಾಪ,” ಅಂದಳು.

“ಸಮಿತಿ ಮುಂದೆ ನಿಂತೋಳು ನಾನು, ಅಕ್ಬರಿ, ನೀನಲ್ಲ,” ಎಂದು ಸಿಡುಕಿದ ಡಾಕ್ಟರಿಗೆ ಮರುಕ್ಷಣವೇ ನಾಚಿಕೆಯಾಯಿತು. ದನಿ ಇಳಿಸಿ ಸುಮನಾಗೆ ಹೇಳಿದರು: “ನೋಡಮ್ಮ, ನಿನಗೆ ಇರೋದು ಎರಡೂ ಹೆಣ್ಣು. ಗಂಡು ಬೇಕು ಅಂತ ಇದನ್ನ ತೆಗೆಸಿದಳು, ನಾನು ತೆಗೆದುಕೊಟ್ಟೆ ಅಂತಾರೆ. ಇನ್ನೊಂದು ಸಲ ಆ ಸಮಿತಿ ಮೆಟ್ಟಿಲು ತುಳಿಯೋಕೆ ನನ್ನ ಕೈಲಿ ಆಗಲ್ಲ.”

“ಅಯ್ಯೋ, ಗಂಡೂ ಬ್ಯಾಡ ಹೆಣ್ಣೂ ಬ್ಯಾಡ, ಇರೋವೆರಡನ್ನ ಸಾಕಿದ್ರೆ ಸಾಕು ಅಂತಲೇ ಬಂದಿವ್ನಿ ಮೇಡಂ!” ಸುಮನಾ ಕೇಳಿದಳು. “ಆ ಎರಡ್ರಲ್ಲಿ ಒಂದ್ ಗಂಡಾಗಿದ್ದಿದ್ರೆ ಮಾಡ್ಕೊಡ್ತಿದ್ರಾ?”

ಸುಳ್ಳು ಹೇಳಬಹುದಿತ್ತು. ಡಾಕ್ಟರು ಹೇಳಲಿಲ್ಲ. “ಇವತ್ತೇ ಮಾತ್ರೆ ಕೊಡ್ತಿದ್ದೆ.”

ಸುಮನಾ ರಿಪೋರ್ಟ್ ತೆಗೆದುಕೊಂಡು ಎದ್ದಳು. ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತಳು.

“ಗಂಡು ಹೆರದ ಹೆಂಗ್ಸಿನ ಮಾತಿಗೆ ಎಲ್ಲೂ ಬೆಲೆ ಇಲ್ಲ ಅಂತ ನಮ್ಮತ್ತೆ ದಿನಾ ಅಂತಾರೆ. ಓದಿಲ್ದೋರು, ಏನೋ ಅಂತಾರೆ ಅಂತ ಸುಮ್ಕಿದ್ದೆ ಮೇಡಂ.”